ಒಂದೇ ಒಂದು ರಬ್ಬರ್ ಕೈ

ವಾರ್ಡಿನಲ್ಲಿ ನನಗೆ ಕುಕ್ಕರ್ ಎಂದು ಹೆಸರಿಟ್ಟಿದ್ದಾರೆ. ಯಾವಾಗ ಸೀಟಿ ಹೊಡೆಯುತ್ತೇನೋ ಯಾರಿಗೂ ಗೊತ್ತಾಗುವುದಿಲ್ಲವಂತೆ. ಇಟ್ಟವರು ನರ್ಸಿಂಗ್ ಶಾಲೆಯ ಹುಡುಗಿಯರು. ಬಾಯಿಂದ ಬಾಯಿಗೆ ಹಬ್ಬಿ ಈಗ ರೋಗಿಗಳಿಗೂ ಗೊತ್ತು. ಇರಲಿ, ನನಗೇನೂ ಬೇಜಾರಿಲ್ಲ. ಗಂಡಸರ ಆಪರೇಷನ್ ವಾರ್ಡನ್ನು ಇಪ್ಪತ್ತೆಂಟು ವರ್ಷ ನಡೆಸಿದ ಹೆಂಗಸು ಮೆತ್ತಗಿದ್ದರೆ ವಾರ್ಡು ಸಂತೆಯಾಗುತ್ತದೆ. ಕೋಪ ಬಂದರೆ ನಾನು ನುಂಗಿಕೊಳ್ಳುವುದಿಲ್ಲ, ಬಂದ ಜಾಗದಲ್ಲೇ ಇಳಿಸಿ ಮುಂದೆ ಹೋಗುತ್ತೇನೆ. ಆದರೆ ಆ ಬುಧವಾರ ಬಂದ ಕೋಪ ಇಳಿಯಲಿಲ್ಲ.

ಅಂದು ನಾನು ಹಾಸಿಗೆ ಬಟ್ಟೆಯ ಕೋಣೆಯಲ್ಲಿ ಒಗೆದು ಬಂದ ಹೊದಿಕೆಗಳನ್ನು ಎಣಿಸುತ್ತಿದ್ದೆ. ಗುಬ್ಬಿ ಬಂದು ಬಾಗಿಲಿನ ಹತ್ತಿರ ನಿಂತಳು. ನಿಂತಳು ಅಂದರೆ ನಿಂತಳು, ಅಷ್ಟೆ. ಒಳಗೆ ಬರಲಿಲ್ಲ.

"ಏನೇ?" ಎಂದೆ.

"ಮತ್ತೆ ಹೋಯ್ತು ಸಿಸ್ಟರ್."

ಗುಬ್ಬಿ ನನ್ನ ತಂಗಿಯ ಮಗಳು. ತಂಗಿ ದೂರದೂರಿನ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುತ್ತಾಳೆ. ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಮೂರು ವರ್ಷದ ಹಿಂದೆ ನನ್ನ ಮನೆಯಲ್ಲಿ ಬಿಟ್ಟು ಹೋದಳು. ಮನೆಯಲ್ಲಿ ನಾನು ಅವಳಿಗೆ ದೊಡ್ಡಮ್ಮ, ವಾರ್ಡಿನಲ್ಲಿ ಸಿಸ್ಟರ್. ಈ ಕಟ್ಟುನಿಟ್ಟು ಮಾಡಿದ್ದು ನಾನೇ. ಅವಳಿಗೆ ಹೋಗಿದ್ದು ಡ್ರಿಪ್ ಸೂಜಿ ಹಾಕುವ ಪರೀಕ್ಷೆ. ಕೊನೆಯ ವರ್ಷದವರು ಪರೀಕ್ಷಕರ ಎದುರು ಒಬ್ಬ ರೋಗಿಯ ಕೈಗೆ ಡ್ರಿಪ್ ಸೂಜಿ ಸರಿಯಾಗಿ ಹಾಕಿ ತೋರಿಸಬೇಕು. ಅವಕಾಶ ಮೂರೇ ಮೂರು. ಮೂರನೆಯದೂ ಹೋದರೆ ಹೆಸರು ಹೊಡೆದುಹಾಕುತ್ತಾರೆ. ಮೂರು ವರ್ಷದ ಓದು ನೀರಿನಲ್ಲಿ ಹೋಮ. ಇವಳಿಗೆ ಎರಡು ಹೋಗಿದ್ದವು, ಮೂರನೆಯದಕ್ಕೆ ಹನ್ನೆರಡು ದಿನ ಉಳಿದಿತ್ತು.

"ರಬ್ಬರ್ ಕೈ ಮೇಲೆ ಎಷ್ಟು ಸಲ ಅಭ್ಯಾಸ ಮಾಡಿದ್ದೆ?" ಎಂದು ಕೇಳಿದೆ. ರಬ್ಬರ್ ಕೈ ಎಂದರೆ ಶಾಲೆಯಲ್ಲಿರುವ ಬೊಂಬೆ ಕೈ. ಒಳಗೆ ಕೊಳವೆಗಳಿರುತ್ತವೆ, ಕೆಂಪು ನೀರು ತುಂಬಿರುತ್ತದೆ. ಅದರ ಮೇಲೆ ಹತ್ತು ಸಲ ಹಾಕಿದ ಮೇಲೇ ವಾರ್ಡಿನ ರೋಗಿಯನ್ನು ಮುಟ್ಟಬೇಕು ಎಂಬುದು ನಿಯಮ.

"ಒಂದು ಸಲಾನೂ ಇಲ್ಲ."

"ಒಂದು ಸಲಾನೂ ಇಲ್ವಾ? ಮತ್ತೆ ಒಂದು ವರ್ಷದಿಂದ ಅಲ್ಲಿ ಏನು ಕಡಲೆಕಾಯಿ ಬಿಡಿಸ್ತಿದ್ಯಾ?"

ಅವಳು ಕುತ್ತಿಗೆಯಲ್ಲಿದ್ದ ನೀಲಿ ಕಾರ್ಡನ್ನು ಎತ್ತಿ ತೋರಿಸಿದಳು. "ನಂದು ಕಣ್ಣಿನ ಕಾರ್ಡು ಸಿಸ್ಟರ್. ನಮಗೆ ವೀಡಿಯೊ ತೋರಿಸ್ತಾರೆ. ಹದಿನಾಲ್ಕು ಸಲ ನೋಡಿದ್ದೀನಿ."

ಆ ಕಾರ್ಡನ್ನು ನಾನು ಒಂದು ವರ್ಷದಿಂದ ನೋಡುತ್ತಿದ್ದೆ. ಕ್ಯಾಂಟೀನಿನ ಕಾರ್ಡು ಅಂದುಕೊಂಡಿದ್ದೆ.

ಹೊದಿಕೆಗಳನ್ನು ಅಲ್ಲೇ ಬಿಟ್ಟು ಎರಡು ಮಹಡಿ ಹತ್ತಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಪ್ರಿನ್ಸಿಪಾಲರು ಬಂದು ಒಂದೂವರೆ ವರ್ಷವಾಗಿತ್ತು. ತೆಳ್ಳಗಿನ, ಬೆಳ್ಳಗಿನ, ಸದಾ ನಗುವ ಮನುಷ್ಯ. ನಗುವವರ ಹತ್ತಿರ ಜಗಳ ಆಡುವುದು ಕಷ್ಟ. ಬೆಣ್ಣೆಯನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಜಾರಿಕೊಳ್ಳುತ್ತಾರೆ.

"ಬನ್ನಿ ಸಿಸ್ಟರ್, ಕೂತ್ಕೊಳ್ಳಿ," ಎಂದರು.

"ಕೂರಲ್ಲ. ನೀವು ಹುಡುಗಿಯರಿಗೆ ಸೂಜಿ ಕೊಡದೇ ಪರೀಕ್ಷೆಗೆ ಕಳಿಸ್ತಿದ್ದೀರಂತೆ. ಈಜು ಕಲಿಸೋಕೆ ಕೆರೆಯ ಫೋಟೋ ತೋರಿಸ್ತೀರಾ ನೀವು?"

ಅವರಿಗೆ ಸಂತೋಷವಾಯಿತು. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದರು ಅನ್ನಿಸುತ್ತದೆ. ಎದ್ದು ನಿಂತು ಗೋಡೆಯ ಮೇಲಿನ ದೊಡ್ಡ ಹಾಳೆ ತೋರಿಸಿದರು. ಒಂದು ಕಣ್ಣು, ಒಂದು ಕಿವಿ, ಒಂದು ಕೈ. ಕೆಳಗೆ ನೀಲಿ, ಹಳದಿ, ಕೆಂಪು ಪಟ್ಟಿಗಳು.

"ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯೋ ರೀತಿ ಬೇರೆ ಸಿಸ್ಟರ್. ಕೆಲವರು ನೋಡಿ ಕಲೀತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಹಳೇ ಕಾಲದ ಹಾಗೆ ಎಲ್ಲರನ್ನೂ ಒಂದೇ ಗಾಣಕ್ಕೆ ಹಾಕೋದು ಅನ್ಯಾಯ. ಮೊದಲನೇ ದಿನವೇ ನಲವತ್ತು ಪ್ರಶ್ನೆ ಕೊಟ್ಟು ಯಾರು ಯಾವ ಥರ ಅಂತ ಕಂಡುಹಿಡೀತೀವಿ. ಅವರವರಿಗೆ ತಕ್ಕ ಪಾಠ ಅವರವರಿಗೆ."

"ಸರಿ. ಕಣ್ಣಿನವರು ವೀಡಿಯೊ ನೋಡ್ತಾರೆ. ಕಿವಿಯವರು?"

"ಧ್ವನಿ ಪಾಠ. ಕಿವಿಗೆ ಹಾಕ್ಕೊಂಡು ಕೇಳ್ತಾರೆ."

"ಏನು ಕೇಳ್ತಾರೆ? ಸೂಜಿ ಒಳಗೆ ಹೋಗೋ ಸದ್ದಾ?"

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಜನ ಬೇರೆ ಬೇರೆ ಥರ ಎಂದು ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಅದು ನನ್ನ ಮೂವತ್ತು ಮಂಚಗಳ ಮೇಲೆ ದಿನಾ ಮಲಗಿರುತ್ತದೆ. ಆದರೆ ಬೇರೆ ಎಂದ ಮಾತ್ರಕ್ಕೆ ಕೈಗೆ ಸೂಜಿ ಕೊಡದೇ ಇರುವುದು ಯಾವ ಲೆಕ್ಕ? ಕೊನೆಗೆ ಪರೀಕ್ಷೆ ಎಲ್ಲರಿಗೂ ಒಂದೇ, ರೋಗಿಯ ಚರ್ಮವೂ ಎಲ್ಲರಿಗೂ ಒಂದೇ.

ಅದನ್ನೇ ಹೇಳಬೇಕೆಂದು ಬಾಯಿ ತೆಗೆದವಳು ಹಾಗೇ ನಿಂತೆ. ಅವರ ಬೀರುವಿನ ಮೇಲೆ ಎರಡು ರಬ್ಬರ್ ಕೈಗಳು ಒಂದರ ಮೇಲೊಂದು ಮಲಗಿದ್ದವು. ಮೊಣಕೈ ಹತ್ತಿರ ಹರಿದಿದ್ದವು. ಮಣಿಕಟ್ಟಿಗೆ ಕಟ್ಟಿದ ಚೀಟಿಯಲ್ಲಿ "ದುರಸ್ತಿಗೆ" ಎಂದಿತ್ತು. ತಾರೀಖು ಒಂದು ವರ್ಷಕ್ಕಿಂತ ಹಿಂದಿನದು. ಚೀಟಿಯ ಮೇಲೂ ಧೂಳು.

"ಸಾರ್, ಈಗ ಚೆನ್ನಾಗಿರೋ ರಬ್ಬರ್ ಕೈ ಎಷ್ಟಿದೆ?"

"ಒಂದಿದೆ. ಯಾಕೆ?"

ಹಿಂದಿನ ಗೋಡೆಯಲ್ಲಿ ಆ ಕೈಯ ವೇಳಾಪಟ್ಟಿ ಇತ್ತು. ವಾರಕ್ಕೆ ಒಬ್ಬರಿಗೊಂದರಂತೆ ಹದಿಮೂರು ಮನೆ ಗೀಚಿದ್ದರು. ಕೆಂಪು ಕಾರ್ಡಿನವರು ಎಷ್ಟು ಜನ ಎಂದು ಕೇಳಿದೆ. ಹದಿಮೂರು ಎಂದರು. ನಲವತ್ತು ಹುಡುಗಿಯರಲ್ಲಿ ಸರಿಯಾಗಿ ಹದಿಮೂರು ಜನ ಕೈಯಿಂದ ಕಲಿಯುವವರು! ಒಬ್ಬಳು ಹೆಚ್ಚಿಲ್ಲ, ಒಬ್ಬಳು ಕಡಿಮೆ ಇಲ್ಲ. ದೇವರು ಮಕ್ಕಳನ್ನು ಮಾಡುವಾಗ ಈ ಮನುಷ್ಯನ ವೇಳಾಪಟ್ಟಿ ನೋಡಿಕೊಂಡು ಮಾಡಿದ್ದಾನೆ.

"ಕೈ ಒಂದೇ ಇದೆ ಅಂತ ಕೈಯವರನ್ನ ಹದಿಮೂರು ಮಾಡಿದ್ರಿ. ಉಳಿದವರಿಗೆ ಕಣ್ಣು, ಕಿವಿ ಹಂಚಿದ್ರಿ. ಎರಡು ಕೈ ದುರಸ್ತಿ ಮಾಡ್ಸೋದು ಬಿಟ್ಟು ಇಪ್ಪತ್ತೇಳು ಹುಡುಗಿಯರ ಕೈ ಕತ್ತರಿಸಿದ್ರಲ್ಲ ಸಾರ್!"

ಮೊದಲ ಸಲ ಅವರ ನಗು ಸ್ವಲ್ಪ ಅಳ್ಳಾಡಿತು. "ಹಾಗಲ್ಲ ಸಿಸ್ಟರ್. ಅಂಕಗಳನ್ನ ಇರೋ ಸೌಲಭ್ಯಕ್ಕೆ ಹೊಂದಿಸಿ ನೋಡ್ತೀವಿ, ಅಷ್ಟೆ," ಎಂದರು. ಆಮೇಲೆ ಕಡತದಿಂದ ಒಂದು ಹಾಳೆ ತೆಗೆದು ಅದರ ನಕಲು ನನ್ನ ಕೈಗೆ ಕೊಟ್ಟರು. "ನಿಮ್ಮ ಹುಡುಗೀದು ಹೊಂದಿಸಿದ್ದೂ ಅಲ್ಲ. ಅವಳೇ ಬರೆದಿರೋ ಉತ್ತರ. ಮನೇಲಿ ಸಮಾಧಾನವಾಗಿ ಓದಿ. ಇಡೀ ತರಗತೀಲಿ ಇಷ್ಟು ಶುದ್ಧವಾದ ಕಣ್ಣಿನವಳು ಇನ್ನೊಬ್ಬಳಿಲ್ಲ."

ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿದೆ. ಓದಲಿಲ್ಲ. ಈ ಸಲ ಫೇಲಾದ ಹನ್ನೊಂದು ಜನರಲ್ಲಿ ಕೆಂಪು ಕಾರ್ಡಿನವಳು ಒಬ್ಬಳೂ ಇಲ್ಲ ಎಂದು ಮೆಟ್ಟಿಲಿಳಿಯುವಾಗ ಎದುರಾದ ಹುಡುಗಿಯರಿಂದ ಗೊತ್ತಾಯಿತು. ಮತ್ತೆ ಮೇಲೆ ಹೋಗಿ ಅದನ್ನೂ ಹೇಳಿ ಬಂದೆ.

ಆ ಸಂಜೆ ಔಷಧಿ ಅಂಗಡಿಯಲ್ಲಿ ಒಂದು ಡಬ್ಬಿ ಸೂಜಿ, ಸ್ಪಿರಿಟ್ಟು, ಹತ್ತಿ, ಅಂಟುಪಟ್ಟಿ ಎಲ್ಲ ಕೊಂಡು ಮನೆಗೆ ಹೋದೆ. ಊಟದ ಮೇಜು ಒರೆಸಿ, ಬಿಳಿ ಬಟ್ಟೆ ಹಾಸಿ, ಎಡಗೈ ಚಾಚಿ ಕುಳಿತೆ.

"ಬಾರೇ. ಶಾಲೇಲಿ ಒಂದು ರಬ್ಬರ್ ಕೈ ಇದ್ರೆ ಮನೇಲಿ ಎರಡು ನಿಜವಾದ ಕೈ ಇವೆ. ಹಾಕು."

ಗುಬ್ಬಿಯ ಮುಖ ಬಿಳುಚಿಕೊಂಡಿತು. "ನಿಮಗಾ ದೊಡ್ಡಮ್ಮ?"

"ಇನ್ಯಾರಿಗೆ, ಬೀದೀಲಿ ಹೋಗೋರಿಗಾ?"

ನನ್ನ ಗಂಡ ಮೂಲೆಯ ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದರು. ಅವರದು ಬೀಗ ರಿಪೇರಿ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಗೂಡಿನಷ್ಟು ಜಾಗ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಪೇಪರನ್ನು ಸ್ವಲ್ಪ ಇಳಿಸಿ ನಮ್ಮನ್ನು ನೋಡಿ ಮತ್ತೆ ಏರಿಸಿಕೊಂಡರು.

ಗುಬ್ಬಿ ನನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. "ಸಡಿಲ ಆಯ್ತು, ಬಿಗಿ," ಎಂದೆ. ಬಿಗಿದಳು. "ಇಷ್ಟು ಬಿಗೀಬೇಡ, ಕೈ ಬೇಕು ನನಗೆ." ಬೆರಳಿಟ್ಟಳು. "ಅಲ್ಲಲ್ಲ, ಪಕ್ಕದಲ್ಲಿ. ನೋಡು, ಕಾಣಿಸ್ತಿಲ್ವಾ? ಹಗ್ಗದ ಹಾಗೆ ಎದ್ದಿದೆ, ಕುರುಡರಿಗೂ ಕಾಣಿಸುತ್ತೆ." ಸೂಜಿ ಹಿಡಿದಳು. "ಯಾಕೇ ನಡುಗ್ತೀಯಾ? ಹುಲಿ ಮುಂದೆ ಕೂತಿದ್ಯಾ?" ಸೂಜಿ ಚರ್ಮದೊಳಗೆ ಹೋಗಿ ಎಲ್ಲೋ ಪಕ್ಕಕ್ಕೆ ಜಾರಿತು. ರಕ್ತನಾಳ ಸಿಕ್ಕಿದರೆ ಸೂಜಿಯ ಹಿಂಬದಿಯಲ್ಲಿರುವ ಪುಟ್ಟ ಕೊಳವೆಯಲ್ಲಿ ಕೆಂಪಗೆ ರಕ್ತ ಕಾಣಿಸಬೇಕು. ಕಾಣಿಸಲಿಲ್ಲ.

"ತಗಿ, ತಗಿ. ಇನ್ನೊಂದು."

ಎರಡನೆಯದು ರಕ್ತನಾಳವನ್ನು ದಾಟಿ ಆಚೆ ಹೋಯಿತು. ಮೂರನೆಯದರ ಹೊತ್ತಿಗೆ ನನ್ನ ಸಹನೆ ತೀರಿತು. "ಕೊಡಿಲ್ಲಿ!" ಎಂದು ಸೂಜಿಯನ್ನು ಕಿತ್ತುಕೊಂಡು ಬಲಗೈಯಿಂದ ಎಡಗೈಗೆ ನಾನೇ ಹಾಕಿ ತೋರಿಸಿದೆ. ಒಂದೇ ಏಟಿಗೆ ರಕ್ತ ಬಂತು. "ನೋಡ್ದ್ಯಾ? ಇಷ್ಟೇ. ಇದಕ್ಕೇನು ಮಂತ್ರ ಬೇಕಾ?"

"ನೋಡ್ದೆ ದೊಡ್ಡಮ್ಮ," ಎಂದಳು.

ಐದು ಸಂಜೆ ಹೀಗೇ ನಡೆಯಿತು. ನನ್ನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಹಸಿರು ಆಯಿತು. ವಾರ್ಡಿನಲ್ಲಿ ಉದ್ದ ತೋಳಿನ ಅಂಗಿ ಹಾಕಿಕೊಂಡು ಓಡಾಡಿದೆ. ಒಂದು ಸಲವೂ ಅವಳಿಗೆ ಸಿಗಲಿಲ್ಲ. ನಾನು ಕಲಿತಿದ್ದು ಹೀಗೇ ತಾನೇ? ನನಗೆ ಕಲಿಸಿದ ಹಿರಿಯ ಸಿಸ್ಟರ್ ತಪ್ಪಾದಾಗಲೆಲ್ಲ ಕತ್ತರಿಯ ಹಿಡಿಯಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದಳು. ನಾನು ಹಲ್ಲು ಕಚ್ಚಿ ಅವಳ ಮೇಲಿನ ಸಿಟ್ಟಿಗೇ ಕಲಿತೆ. ಬೈದರೆ ನನಗೆ ಕೈ ಗಟ್ಟಿಯಾಗುತ್ತಿತ್ತು. ಇವಳಿಗೆ ಯಾಕೆ ಆಗುತ್ತಿಲ್ಲ ಎಂದು ನನಗೆ ಇವಳ ಮೇಲೆ ಸಿಟ್ಟು, ಪ್ರಿನ್ಸಿಪಾಲರ ಮೇಲೆ ಸಿಟ್ಟು, ದಿನ ಎಣಿಸುವ ಕ್ಯಾಲೆಂಡರಿನ ಮೇಲೂ ಸಿಟ್ಟು.

ಆರನೆಯ ಸಂಜೆ ಊಟಕ್ಕೆ ಕುಳಿತಾಗ ಕನ್ನಡಕ ಹುಡುಕುತ್ತ ಚೀಲಕ್ಕೆ ಕೈ ಹಾಕಿದೆ. ಪ್ರಿನ್ಸಿಪಾಲರು ಕೊಟ್ಟ ಹಾಳೆ ಸಿಕ್ಕಿತು. ಆ ಮನುಷ್ಯನನ್ನು ಇನ್ನೊಂದಿಷ್ಟು ಬೈಯಲು ಏನಾದರೂ ಸಿಗಬಹುದೆಂದು ಬಿಡಿಸಿದೆ. ಎಲ್ಲ ಟಿಕ್ ಗುರುತುಗಳು. ಒಂದು ಪ್ರಶ್ನೆಗೆ ಮಾತ್ರ ಬರೆಯಲು ಜಾಗ ಬಿಟ್ಟಿದ್ದರು. "ಹೊಸ ಕೆಲಸವೊಂದು ಎದುರಾದಾಗ ನೀವು ಸಾಮಾನ್ಯವಾಗಿ ಏನು ಮಾಡುತ್ತೀರಿ, ಯಾಕೆ?" ಎಂಬ ಪ್ರಶ್ನೆ. ಕೆಳಗೆ ಗುಬ್ಬಿಯ ಗುಂಡು ಗುಂಡು ಅಕ್ಷರ. ನಾನು ಗಟ್ಟಿಯಾಗಿ ಓದಿದೆ.

"ದೂರ ನಿಂತು ನೋಡುತ್ತೇನೆ. ಯಾಕೆಂದರೆ ಕೈ ಹಾಕಿದರೆ ಕಿತ್ತುಕೊಳ್ಳುತ್ತಾರೆ."

ನನಗೆ ನೆತ್ತಿಗೇರಿತು. "ಯಾರೇ ಅದು? ಯಾರು ಕಿತ್ತುಕೊಳ್ಳೋದು ನಿನ್ನ ಕೈಯಿಂದ? ಆ ಶಾಲೆಯವರಾ? ಇದನ್ನ ಓದಿಯೂ ಆ ಮನುಷ್ಯ ನಿನಗೆ ಕಣ್ಣಿನ ಕಾರ್ಡು ಕೊಟ್ನಾ? ಇದು ಕಣ್ಣಿನವಳು ಬರೆಯೋ ಮಾತಾ? ಹೆದರಿದವಳು ಬರೆಯೋ ಮಾತು! ಹೇಳೇ, ಯಾರದು? ನಾಳೆ ಹೋಗಿ ಅವರ ಗ್ರಹಚಾರ ಬಿಡಿಸ್ತೀನಿ."

ಗುಬ್ಬಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ? ಹೇಳು! ಮೊದಲನೇ ವರ್ಷದಲ್ಲಿ ಆ ಲ್ಯಾಬಿನವಳು ಇದ್ದಳಲ್ಲ, ಅವಳಾ?"

ನನ್ನ ಗಂಡ ಕೆಮ್ಮಿದರು. ನೀರು ಕುಡಿದರು. ಲೋಟ ಕೆಳಗಿಟ್ಟು, "ಇಷ್ಟು ವರ್ಷದಲ್ಲಿ ನಾನು ಒಂದು ಬೀಗಾನೂ ಮನೆಗೆ ತಂದು ರಿಪೇರಿ ಮಾಡಿಲ್ಲ. ಯಾಕೆ ಗೊತ್ತಾ?" ಎಂದರು.

"ಈಗ ಬೀಗದ ಮಾತು ಯಾಕೆ?"

"ಬೀಗದೊಳಗೆ ಏನಾಗ್ತಿದೆ ಅಂತ ಕಣ್ಣಿಗೆ ಕಾಣಲ್ಲ. ಬೆರಳಿಗೆ ಗೊತ್ತಾಗಬೇಕು. ಸದ್ದಿದ್ರೆ ಬೆರಳಿಗೆ ಗೊತ್ತಾಗಲ್ಲ."

"ಅದಕ್ಕೆ?"

"ಮನೇಲಿ ನೀನಿರ್ತೀಯ."

ತಮಾಷೆ ಎಂದುಕೊಂಡೆ. ಅವರ ಮುಖ ನೋಡಿದೆ. ನಗುತ್ತಿರಲಿಲ್ಲ. ಗುಬ್ಬಿಯನ್ನು ನೋಡಿದೆ. ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅದನ್ನೂ ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ.

ಆಗ ತಲೆಗೆ ಹೋಯಿತು. ಕೊಡಿಲ್ಲಿ. ಮೂರು ವರ್ಷದಿಂದ ಈ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೊಡಿಲ್ಲಿ ಎಂದಿದ್ದೇನೆ! ತರಕಾರಿ ದಪ್ಪ ಹೆಚ್ಚಿದಳೆಂದು ಚಾಕು ಕಿತ್ತುಕೊಂಡೆ. ಗುಂಡಿ ಹೊಲಿಯಲು ಕೂತರೆ ದಾರ ಕಿತ್ತುಕೊಂಡೆ. ಇಸ್ತ್ರಿ ಪೆಟ್ಟಿಗೆ, ಪೊರಕೆ, ಸ್ಕ್ರೂಡ್ರೈವರು, ಸೀಸೆಯ ಮುಚ್ಚಳ. ವಾರ್ಡಿನಲ್ಲೂ ಅಷ್ಟೆ. ಇವಳು ದೂರ ನಿಂತು ನೋಡುತ್ತಾಳೆ, ಮೈಗಳ್ಳಿ, ಎಂದು ನಾನೇ ನಾಲ್ಕು ಜನರ ಮುಂದೆ ಅಂದಿದ್ದೆ. ಪ್ರಿನ್ಸಿಪಾಲರು ಕೊಟ್ಟ ಕಾರ್ಡಿಗೆ ನಾನು ಮನೆಯಲ್ಲೇ ನೀಲಿ ಬಣ್ಣ ಬಳಿದು ಕಳಿಸಿದ್ದೆ. ಆ ಮನುಷ್ಯನ ಹತ್ತಿರ ಮೂರು ಥರದ ಪಾಠವಾದರೂ ಇತ್ತು, ನನ್ನ ಹತ್ತಿರ ಬೈಗುಳ ಒಂದೇ. ಅದು ನನಗೆ ಹಿಡಿಸಿತೆಂದು ಲೋಕಕ್ಕೆಲ್ಲ ಅದನ್ನೇ ಬಡಿಸಿದ್ದೆ.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗಲೂ ನನಗೆ ಬರುವುದು ಕೋಪವೇ. ಎದ್ದು ಹಿತ್ತಲಿಗೆ ಹೋಗಿ ನೆನೆಸಿಟ್ಟಿದ್ದ ಬಟ್ಟೆಗಳನ್ನು ಕಲ್ಲಿಗೆ ಹಾಕಿ ಬಡಿದೆ. ಅಂಗಿಯೊಂದರ ಗುಂಡಿ ಒಡೆದು ಹಾರಿತು. ನನ್ನ ಗಂಡ ಬಾಗಿಲಲ್ಲಿ ಬಂದು ನಿಂತರು.

"ಅಂಗಿ ಏನು ತಪ್ಪು ಮಾಡಿದೆ?"

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ಹೇಳೋಕೆ ಸಂದಿ ಎಲ್ಲಿ ಬಿಟ್ಟೆ?" ಎಂದರು. ಹಾರಿದ ಗುಂಡಿಯನ್ನು ಹೆಕ್ಕಿಕೊಂಡು, "ಇನ್ನೊಂದು ವಿಷಯ. ಭಾನುವಾರ ಮಧ್ಯಾಹ್ನ ನಾನು ಮಲಗಿದಾಗ ಅವಳು ಬಂದು ನನ್ನ ಕೈ ತಡವಿ ನೋಡ್ತಾಳೆ. ಕಣ್ಣು ಮುಚ್ಚಿಕೊಂಡು, ನರ ಎಲ್ಲಿದೆ ಅಂತ. ಎರಡು ತಿಂಗಳಾಯ್ತು. ನಾನು ನಿದ್ದೆ ಬಂದೋನ ಹಾಗೆ ಗೊರಕೆ ಹೊಡೀತೀನಿ," ಎಂದರು.

ಮಾರನೆಯ ಸಂಜೆ ಮೇಜು ಒರೆಸಿ ಬಟ್ಟೆ ಹಾಸಿದೆ. ಈ ಸಲ ಬಲಗೈ ಚಾಚಿದೆ, ಎಡಗೈಯಲ್ಲಿ ಜಾಗ ಉಳಿದಿರಲಿಲ್ಲ. ಜ್ವರ ನೋಡುವ ಗಾಜಿನ ಕಡ್ಡಿಯನ್ನು ತೊಳೆದು ನಾಲಗೆಯ ಕೆಳಗೆ ಇಟ್ಟುಕೊಂಡು ತುಟಿ ಮುಚ್ಚಿದೆ. ಅದು ಬಾಯಲ್ಲಿದ್ದರೆ ಮಾತಾಡಲಾಗುವುದಿಲ್ಲ, ಕಚ್ಚಲೂ ಆಗುವುದಿಲ್ಲ. ಗುಬ್ಬಿ ಬೆಪ್ಪಾಗಿ ನೋಡಿದಳು.

"ಜ್ವರಾನಾ ದೊಡ್ಡಮ್ಮ?"

ಇಲ್ಲ ಎಂದು ತಲೆಯಾಡಿಸಿ, ಶುರು ಮಾಡು ಎಂದು ಕಣ್ಣಲ್ಲೇ ಹೇಳಿದೆ. ಪೇಪರಿನ ಹಿಂದೆ ನನ್ನ ಗಂಡನ ಭುಜ ಕುಲುಕುತ್ತಿತ್ತು.

ಅವಳು ಪಟ್ಟಿ ಕಟ್ಟಿದಳು. ಸಡಿಲವಾಯಿತು. ನನ್ನ ಗಂಟಲ ತನಕ ಬಂದ ಮಾತು ಕಡ್ಡಿಗೆ ತಾಗಿ ನಿಂತಿತು. ಅವಳೇ ನೋಡಿ, ಬಿಚ್ಚಿ, ಮತ್ತೆ ಕಟ್ಟಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ತೋರುಬೆರಳು ನನ್ನ ಕೈಯ ಮೇಲೆ ಮೆಲ್ಲಗೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಹೋಯಿತು. ನನಗೆ ಎದ್ದು ಕಾಣುತ್ತಿದ್ದ ದಪ್ಪ ರಕ್ತನಾಳವನ್ನು ಬಿಟ್ಟು ಪಕ್ಕದಲ್ಲಿ ಏನೂ ಕಾಣದ ಒಂದು ಜಾಗದಲ್ಲಿ ನಿಂತಿತು. ತಪ್ಪು, ತಪ್ಪು ಎಂದು ಕೂಗಬೇಕೆನ್ನಿಸಿತು. ಅವಳು ಕಣ್ಣು ತೆರೆದು, ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಟ್ಟು, ಚರ್ಮ ಎಳೆದು ಹಿಡಿದು ಸೂಜಿ ಇಟ್ಟಳು. ಕೊಳವೆಯಲ್ಲಿ ಕೆಂಪಗೆ ರಕ್ತ ಬಂತು.

ಅವಳು ಅದನ್ನು ನೋಡುತ್ತಲೇ ಇದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಕಡ್ಡಿ ಇದ್ದದ್ದರಿಂದ ಮೂಗಿನಲ್ಲೇ ಅತ್ತೆ. ಆಮೇಲೆ ಐದು ದಿನ ನಾನು ಆ ಹೊತ್ತಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಅವಳು ಏಳು ಸಲ ಹಾಕಿದಳು, ಐದು ಸಲ ಸಿಕ್ಕಿತು.

ಪರೀಕ್ಷೆ ನನ್ನ ವಾರ್ಡಿನಲ್ಲೇ ಬಿತ್ತು, ಬೆಳಿಗ್ಗೆ ಹತ್ತಕ್ಕೆ. ಪರೀಕ್ಷಕರು ಪ್ರಿನ್ಸಿಪಾಲರೇ. ವಾರ್ಡಿನ ಹಿರಿಯ ಸಿಸ್ಟರ್ ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲಬೇಕೆಂಬ ನಿಯಮವಿರುವುದರಿಂದ ನಾನೂ ಇದ್ದೆ. ಒಂಬತ್ತನೆಯ ಮಂಚದ ರೋಗಿ ಒಬ್ಬ ದರ್ಜಿ, ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಹಳೆಯ ಡ್ರಿಪ್ ಊದಿಕೊಂಡು ಹೊಸದು ಹಾಕಬೇಕಾಗಿತ್ತು. ದಪ್ಪ ಕೈ. ರಕ್ತನಾಳಗಳೆಲ್ಲ ಒಳಗೆ ಅಡಗಿ ಕುಳಿತಿದ್ದವು.

"ಸೂಜಿ ವಿಷಯದಲ್ಲಿ ನನಗೆ ಹೇಳಿಕೊಡಬೇಡಿ," ಎಂದು ದರ್ಜಿ ನಕ್ಕರು. "ನಲವತ್ತು ವರ್ಷ ಚುಚ್ಚಿದ್ದೀನಿ. ಇವತ್ತು ಚುಚ್ಚಿಸಿಕೊಳ್ತೀನಿ. ನಿಧಾನವಾಗಿ ಹಾಕಮ್ಮ."

ಗುಬ್ಬಿ ಪಟ್ಟಿ ಕಟ್ಟಿ ಕಣ್ಣು ಮುಚ್ಚಿದಳು. ಬೆರಳು ಹುಡುಕತೊಡಗಿತು.

ಪ್ರಿನ್ಸಿಪಾಲರು ಮುಂದೆ ಬಗ್ಗಿದರು. "ಕಣ್ಣು ಬಿಡಮ್ಮ! ನಿಂದು ಕಣ್ಣಿನ ಕಾರ್ಡು. ವೀಡಿಯೊ ನೆನಪು ಮಾಡ್ಕೋ. ಎರಡನೇ ಭಾಗದಲ್ಲಿ ಬರುತ್ತಲ್ಲ..."

ಗುಬ್ಬಿಯ ಬೆರಳು ನಿಂತಿತು. ನನ್ನ ಒಳಗಿನ ಕುಕ್ಕರ್ ಸೀಟಿ ಹೊಡೆಯಲು ಬಂತು. ಆದರೆ ಕೂಗಿದರೆ ಅವಳ ಬೆರಳಿಗೆ ಅದೂ ಸದ್ದೇ. ನಾನು ಪ್ರಿನ್ಸಿಪಾಲರ ಪಕ್ಕಕ್ಕೆ ಹೋಗಿ, ಅವರ ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಷ್ಟೇ ಸದ್ದಿನಲ್ಲಿ ಹೇಳಿದೆ.

"ಇನ್ನೊಂದು ಮಾತಾಡಿದ್ರೆ ಆ ಹರಿದ ಎರಡು ಕೈ ಹಿಡ್ಕೊಂಡು ಮೇಲಿನವರ ಮೇಜಿನ ಮುಂದೆ ನಿಲ್ತೀನಿ ಸಾರ್. ಬಾಯಿ ಮುಚ್ಚಿ."

ಅವರು ಬಾಯಿ ಮುಚ್ಚಿದರು. ವಾರ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಬೆರಳು ಮತ್ತೆ ನಡೆಯಿತು, ಮುಂಗೈಯ ಒಳಬದಿಯಲ್ಲಿ ಒಂದು ಕಡೆ ನಿಂತಿತು. ಅವಳು ಕಣ್ಣು ತೆರೆದು, ಒರೆಸಿ, ಸೂಜಿ ಇಟ್ಟಳು. ರಕ್ತ ಕಾಣಿಸಿತು. ಇನ್ನು ಪ್ಲಾಸ್ಟಿಕ್ ನಳಿಕೆಯನ್ನು ಒಳಗೆ ಜಾರಿಸುವುದು ಬಾಕಿ. ಅರ್ಧ ಹೋಗಿ ಅದು ತಡೆಯಿತು. ಎಲ್ಲ ಕೆಡುವುದು ಇಲ್ಲೇ. ಒತ್ತಿದರೆ ರಕ್ತನಾಳ ಹರಿಯುತ್ತದೆ, ಬಿಟ್ಟರೆ ಪರೀಕ್ಷೆ ಹೋಗುತ್ತದೆ.

ನನ್ನ ಕೈ ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು, ಮೂರು ವರ್ಷದ ಅಭ್ಯಾಸ. ಸಾಕ್ಷಿ ಮುಟ್ಟಿದರೆ ಅಲ್ಲಿಗೆ ಫೇಲು ಎಂದು ನಿಯಮದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ, ಅದೂ ನನಗೆ ಗೊತ್ತು. ಬಾಯಿ ಬೇರೆ "ಕೊ" ಎಂದಿತು.

"ಬೇಡ ದೊಡ್ಡಮ್ಮ," ಎಂದಳು ಗುಬ್ಬಿ. ತಲೆ ಎತ್ತಲಿಲ್ಲ, ದನಿ ಎತ್ತಲಿಲ್ಲ. ನನ್ನ ಕಡೆ ಇದ್ದ ಮೊಣಕೈಯನ್ನು ಸ್ವಲ್ಪ ಅಗಲಿಸಿ ನನಗೆ ಅಡ್ಡ ಹಿಡಿದಳು. ವಾರ್ಡಿನಲ್ಲಿ ಅವಳು ನನ್ನನ್ನು ದೊಡ್ಡಮ್ಮ ಎಂದದ್ದು ಅದೇ ಮೊದಲು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ನೋಯುತ್ತಿದ್ದ ಎಡಗೈಯನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ನಳಿಕೆಯನ್ನು ಕೂದಲೆಳೆಯಷ್ಟು ಹಿಂದೆ ತಂದು, ಕೋನ ತಗ್ಗಿಸಿ, ಉಸಿರು ಬಿಟ್ಟು ಮತ್ತೆ ಜಾರಿಸಿದಳು. ಹೋಯಿತು. ಪಟ್ಟಿ ಬಿಚ್ಚಿದಳು, ಸೂಜಿ ತೆಗೆದಳು, ಡ್ರಿಪ್ ಜೋಡಿಸಿದಳು. ಹನಿ ಬೀಳತೊಡಗಿತು.

"ಆಯ್ತಾ? ನನಗೆ ಗೊತ್ತೇ ಆಗ್ಲಿಲ್ವಲ್ಲ," ಎಂದರು ದರ್ಜಿ.

ಪ್ರಿನ್ಸಿಪಾಲರಿಗೆ ನಗು ವಾಪಸ್ಸು ಬಂದಿತ್ತು. ಹಾಳೆಯಲ್ಲಿ ಪಾಸ್ ಎಂದು ಗೀಚಿ ಸಹಿ ಮಾಡಿ, "ನೋಡಿದ್ರಾ ಸಿಸ್ಟರ್! ಹದಿನಾಲ್ಕು ಸಲ ವೀಡಿಯೊ ನೋಡಿದ್ದು ಹೇಗೆ ಕೆಲಸ ಮಾಡ್ತು! ನೀಲಿ ಕಾರ್ಡಿನ ಯಶಸ್ಸು ಅಂತ ಇವಳ ಫೋಟೋನೇ ಹಾಕಿಸ್ತೀನಿ ಕೈಪಿಡೀಲಿ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೂ ಹತ್ತು ಹುಡುಗಿಯರು ಹೊರಗಿನ ಬೆಂಚಿನ ಮೇಲೆ ನೀಲಿ ಹಳದಿ ಕಾರ್ಡು ಕಟ್ಟಿಕೊಂಡು ಕೂತಿದ್ದರು, ಈ ಮನುಷ್ಯನಿಗೆ ಫೋಟೋ ಬೇಕಂತೆ. ಆ ಹತ್ತು ಜನರ ಪರೀಕ್ಷೆ ಎರಡು ವಾರ ಮುಂದೆ ಹೋಗಬೇಕು, ಅಲ್ಲಿಯವರೆಗೆ ಅವರು ದಿನಾ ನನ್ನ ವಾರ್ಡಿಗೆ ಬರಬೇಕು, ಸೂಜಿ ಅವರ ಕೈಯಲ್ಲಿರಬೇಕು, ಇಲ್ಲದಿದ್ದರೆ ಈ ಹಾಳೆಗೆ ಸಾಕ್ಷಿಯ ಸಹಿ ಬೀಳುವುದಿಲ್ಲ, ಹೊರಗೆ ನಾನು ಆಡುವ ಮಾತು ಪಿಸುಮಾತಾಗಿರುವುದಿಲ್ಲ ಎಂದು ಹೇಳಿದೆ. ಅವರು ನನ್ನ ಮುಖ ನೋಡಿ ಅಲ್ಲೇ ತಾರೀಖು ತಿದ್ದಿದರು. ಆಮೇಲೆ ಸಹಿ ಹಾಕಿದೆ.

ಗುಬ್ಬಿ ಟ್ರೇ ಎತ್ತಿಕೊಂಡು ಬಾಗಿಲ ಹತ್ತಿರ ಹೋದಳು. ಅಲ್ಲಿ ಗೋಡೆಗೆ ಹಳದಿ ಡಬ್ಬಿ ಇದೆ. ಬಳಸಿದ ಸೂಜಿ ಬಿಟ್ಟು ಅದರಲ್ಲಿ ಒಂದು ಹತ್ತಿಯ ಚೂರನ್ನೂ ಹಾಕಬಾರದು ಎಂಬುದು ನನ್ನ ವಾರ್ಡಿನ ಮೊದಲ ಪಾಠ. ಹಾಕಿದವರನ್ನು ನಾನು ಅಳಿಸದೆ ಬಿಟ್ಟದ್ದಿಲ್ಲ. ಅವಳು ಸೂಜಿಯನ್ನು ಡಬ್ಬಿಗೆ ಹಾಕಿದಳು. ಆಮೇಲೆ ಕುತ್ತಿಗೆಯಿಂದ ನೀಲಿ ಕಾರ್ಡು ತೆಗೆದು, ಎರಡಾಗಿ ಮಡಚಿ, ಅದನ್ನೂ ಅದೇ ಬಾಯಿಗೆ ತುರುಕಿದಳು. ತುರುಕಿ, ತಿರುಗಿ ನೇರವಾಗಿ ನನ್ನನ್ನು ನೋಡಿದಳು.

ನಾನು ನಾಲಗೆಯನ್ನು ಗಾಜಿನ ಕಡ್ಡಿ ಇದ್ದ ಜಾಗಕ್ಕೆ ಒತ್ತಿಕೊಂಡು, ಮುಂದಿನ ಹುಡುಗಿಯನ್ನು ಅಭ್ಯಾಸಕ್ಕೆ ಒಳಗೆ ಬಾ ಎಂದು ಕೈಸನ್ನೆ ಮಾಡಿದೆ.